ಕುಡಿಯದ ಅಜ್ಜನ ಕಿವಿಮಾತು: ಕೆಂಪು ವೈನ್ ಮಾಡಹೊರಟ ಮೊಮ್ಮಗಳಿಗೆ

ಯವ್ವಾ,

ಹೋದ ವಾರ ಮಡ್ಡಿ ಮೇಲಿನ ದ್ರಾಕ್ಷಿ ಪಡದಲ್ಲಿ ನಿಂತು, "ಅಜ್ಜಾ, ನಿನಗ ತಿಳಿದದ್ದೆಲ್ಲಾ ಒಂದು ಹಾಳಿ ಮ್ಯಾಲ ಬರದು ಕೊಡು" ಅಂದಿದ್ದೆ. ಒಂದು ಹಾಳೆಯಲ್ಲಿ ಮುಗಿಯಲಿಲ್ಲ. ಮಾತಾಡುವಾಗ ನನಗೆ ಟಿಕೋಟಾ ಸೀಮೆಯ ಮಾತು ಬರುತ್ತದೆ, ಬರೆಯಲು ಕೂತರೆ ಮುಲ್ಕಿ ಪರೀಕ್ಷೆಗೆ ಮಾಸ್ತರರು ತಿದ್ದಿಸಿದ ಭಾಷೆಯೇ ಬರುತ್ತದೆ. ಸಹಿಸಿಕೋ.

ನಾನು ಈ ಜನ್ಮದಲ್ಲಿ ವೈನ್ ಕುಡಿದವನಲ್ಲ. ನಿಮ್ಮಪ್ಪನೂ ಅಲ್ಲ. ನಮ್ಮ ಮನೆಯಲ್ಲಿ ದ್ರಾಕ್ಷಿ ಎಂದರೆ ಥಾಮ್ಸನ್, ಥಾಮ್ಸನ್ ಎಂದರೆ ಮಣೂಕ. ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಆಗುವುದನ್ನು ನೋಡುತ್ತಲೇ ನನ್ನ ಕೂದಲು ನೆರೆತವು. ನೀನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ಎಂಟು ಎಕರೆಯಲ್ಲಿ ಎರಡು ಎಕರೆ ಕಿತ್ತು ಶಿರಾಜ್ ಮತ್ತು ಕ್ಯಾಬರ್ನೆ ಹಚ್ಚಿದಾಗ ನಿಮ್ಮಜ್ಜಿ ಮೂರು ದಿನ ಮಾತು ಬಿಟ್ಟಿದ್ದಳು. ಈಗ ಬಳ್ಳಿಗೆ ನಾಲ್ಕನೆಯ ವರ್ಷ. ಈ ಸುಗ್ಗಿಯ ಹಣ್ಣಿನಿಂದ ಮೊದಲ ಬಾಟಲಿ ತುಂಬುತ್ತೀಯಂತೆ. ವೈನಿನ ರುಚಿ ನನಗೆ ಗೊತ್ತಿಲ್ಲದಿದ್ದರೂ ಬಳ್ಳಿ ಗೊತ್ತು. ಐವತ್ತು ವರ್ಷ ಅದಕ್ಕೆ ಎಷ್ಟು ಹೆಚ್ಚು ಕೊಡಬಹುದು ಎಂದು ಕಲಿತೆ. ನೀನು ಎಷ್ಟು ಕಡಿಮೆ ಕೊಡಬಹುದು ಎಂದು ಕಲಿಯಬೇಕಾಗಿದೆ. ಅರ್ಧಕ್ಕರ್ಧ ಮಾತು ಅಲ್ಲಿಗೇ ಬರುತ್ತದೆ.

• ಎರಿ ಹೊಲದ ಮೇಲೆ ಕಣ್ಣು ಹಾಕಬೇಡ. ಡೋಣಿ ಹೊಳೆ ದಂಡೆಯ ಕರಿ ಮಣ್ಣು ಬಿಳಿಜೋಳಕ್ಕೆ, ಕಡಲೆಗೆ ಬಂಗಾರ. ಅದು ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ವೈನ್ ದ್ರಾಕ್ಷಿಗೆ ಅದೇ ಕೇಡು. ಬಳ್ಳಿ ಎಲೆ ಹಾಕುತ್ತಲೇ ಇರುತ್ತದೆ, ಹಣ್ಣಿನ ಕಡೆ ತಿರುಗುವುದಿಲ್ಲ. ಗರಸು ಬೆರೆತ ಮಡ್ಡಿ, ನೀರು ನಿಲ್ಲದ ಇಳಿಜಾರು ಸಾಕು. ನಮ್ಮಪ್ಪ ಆ ಎರಡು ಎಕರೆಯನ್ನು "ಕುರಿ ಕೂಡ್ರಸೂ ಭೂಮಿ" ಎಂದು ಬಿಟ್ಟಿದ್ದ. ಅಲ್ಲೇ ನೀನು ಹಚ್ಚಿದ್ದು ಸರಿಯಾಯಿತು.

• ಬೇರು ಯಾವುದು ಎಂದು ಮರೆಯಬೇಡ. 1860ರ ದಶಕದಲ್ಲಿ ಫ್ರಾನ್ಸಿನ ಬಳ್ಳಿಗಳ ಬೇರನ್ನು ಫಿಲಾಕ್ಸೆರಾ ಎಂಬ ಸಣ್ಣ ಹೇನು ತಿಂದು ಹಾಕಿತು. ಅಮೆರಿಕದ ಕಾಡುದ್ರಾಕ್ಷಿ ಬೇರಿನ ಮೇಲೆ ಕಸಿ ಕಟ್ಟಿದ ಮೇಲೆಯೇ ಆ ಬಳ್ಳಿಗಳು ಉಳಿದವು. ನಾವು ಡಾಗ್‌ರಿಡ್ಜ್ ಬೇರಿಗೆ ಹೋದದ್ದು ಹುಳಕ್ಕೆ ಹೆದರಿ ಅಲ್ಲ, ಬರಗಾಲಕ್ಕೆ ಮತ್ತು ಬೋರಿನ ಸವಳು ನೀರಿಗೆ ಹೆದರಿ. ಆದರೆ ಡಾಗ್‌ರಿಡ್ಜ್ ಎಮ್ಮೆಯಂತೆ ಮೇಯುತ್ತದೆ. ಮಣ್ಣಿನ ಪೊಟ್ಯಾಷ್ ಎಳೆದು ಹಣ್ಣಿಗೆ ತುಂಬುತ್ತದೆ, ರಸದ ಹುಳಿ ಸಪ್ಪೆಯಾಗುತ್ತದೆ. ಪುಣೆ ಹತ್ತಿರದ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು 110ಆರ್ ಬೇರು ಒಳ್ಳೆಯದು ಎನ್ನುತ್ತಾರೆ. ನಿನ್ನ ಕ್ಯಾಬರ್ನೆ ಅದರ ಮೇಲಿದೆ, ಶಿರಾಜಿನ ಮೂರು ಸಾಲು ಮಾತ್ರ ಹಳೆ ಡಾಗ್‌ರಿಡ್ಜಿನ ಮೇಲಿವೆ. ಆ ಮೂರು ಸಾಲಿನ ಹಣ್ಣು ಬೇರೆ ಕ್ರೇಟಿನಲ್ಲಿ ಇಡು, ಕಲಸಬೇಡ. ಪೊಟ್ಯಾಷ್ ಚೀಲವನ್ನು ಅತ್ತ ಕಡೆ ಒಯ್ಯಲೇಬೇಡ.

• ಚಾಟ್ನಿಯ (ಬಳ್ಳಿ ಸವರುವ) ತಾರೀಖನ್ನು ನೆರೆಹೊರೆಯವರನ್ನು ನೋಡಿ ಇಡಬೇಡ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅವರಿಗೆ ವರ್ಷಕ್ಕೊಂದೇ ಚಾಟ್ನಿ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ಎರಡು ಸಲ ಕತ್ತರಿ ಹಿಡಿಯುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಮಾಡಿಕೊಳ್ಳಲಿಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹೊಸಬರು ಅಕ್ಟೋಬರಿನದೇ ಮುಖ್ಯ ಎಂದು ತಿಳಿಯುತ್ತಾರೆ. ತಪ್ಪು. ಏಪ್ರಿಲ್ ಚಾಟ್ನಿಯಾಗಿ ಒಂದೂವರೆ ಎರಡು ತಿಂಗಳೊಳಗೆ ಕಡ್ಡಿಯ ಕಣ್ಣಿನ ಒಳಗೆ ಮುಂದಿನ ಗೊಂಚಲು ಕೂತುಬಿಟ್ಟಿರುತ್ತದೆ. ಆಗ ಕಣ್ಣಿಗೆ ಬಿಸಿಲು ಬೀಳದಂತೆ ಎಲೆ ಮುಚ್ಚಿದರೆ ಅಕ್ಟೋಬರಿನಲ್ಲಿ ಎಂಥ ಬೆಳ್ಳಿ ಕತ್ತರಿ ತಂದರೂ ಬರುವುದು ಬರೀ ಗೊಂಚಲಿಲ್ಲದ ಚಿಗುರು.

ಇನ್ನು ಹಣ್ಣಿನ ಚಾಟ್ನಿ. ಸೆಪ್ಟೆಂಬರ್ ಮೊದಲಿಗೇ ಕತ್ತರಿ ಹಾಕಿದರೆ ಹಿಂಗಾರಿ ಮಳೆ ಎಳೆ ಚಿಗುರಿನ ಮೇಲೆ ಬಿದ್ದು ಡೌನಿ ರೋಗ ಹತ್ತುತ್ತದೆ. ನವೆಂಬರಿಗೆ ತಳ್ಳಿದರೆ ಹಣ್ಣು ಮಾರ್ಚ್ ಕೊನೆಯ ಬಿಸಿಲಿಗೆ ಸಿಕ್ಕು, ಸಕ್ಕರೆ ಓಡಿ ಹುಳಿ ಸತ್ತು, ಬೇಯಿಸಿದ ಬೆಲ್ಲದ ವಾಸನೆ ಬರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನಮಗೆ ಸಿಗುವ ಕಿಂಡಿ ಅಷ್ಟೇ. ಎರಡು ಎಕರೆಯನ್ನು ಒಂದೇ ದಿನ ಸವರದೆ ಹತ್ತು ದಿನದ ಅಂತರದಲ್ಲಿ ಎರಡು ಪಾಲು ಮಾಡು. ಮಳೆ ಒಂದನ್ನು ತಿಂದರೆ ಇನ್ನೊಂದು ಉಳಿಯುತ್ತದೆ.

• ಕಣ್ಣು ಒಡೆಸುವ ಔಷಧಿ (ಹೈಡ್ರೋಜನ್ ಸೈನಮೈಡ್) ಹಚ್ಚುವ ಆಳುಗಳ ವಿಷಯ ಎಚ್ಚರ. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನು ಮುಟ್ಟಿದವರು ಹಿಂದೆ ಮುಂದೆ ಕೆಲವು ದಿನ ಸಾರಾಯಿ, ಬಿಯರ್, ವೈನ್ ಯಾವುದನ್ನೂ ಕುಡಿಯಬಾರದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೊಟ್ಟೆಗೆ ಹೋದ ಮದ್ಯವನ್ನು ದೇಹ ಕರಗಿಸುವ ದಾರಿಯನ್ನೇ ಆ ಔಷಧಿ ಕಟ್ಟುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಆಸ್ಪತ್ರೆಗೆ ಒಯ್ಯುವ ಹಾಗಾಗುತ್ತದೆ. ರಬ್ಬರ್ ಕೈಗವಸು, ಮುಖಕ್ಕೆ ಮುಚ್ಚು ಕೊಡು, ಈ ಮಾತನ್ನು ಪ್ರತಿಯೊಬ್ಬನಿಗೂ ಬಾಯಿಬಿಟ್ಟು ಹೇಳು. ಸಾಧ್ಯವಾದಷ್ಟು ಸಾಲನ್ನು ಔಷಧಿಯಿಲ್ಲದೆ ಒಡೆಸಲು ನೋಡು. ಮುಂದೆ ಹಿಂದೆ ಒಡೆದರೂ ವೈನಿಗೆ ಹೋಗುವ ಹಣ್ಣನ್ನು ಎರಡು ಸಲ ಆರಿಸಿ ಕೊಯ್ಯಬಹುದು. ಮುಂಬೈ ವ್ಯಾಪಾರಿ ಒಂದೇ ಗಾತ್ರ ಬೇಕು ಎಂದು ನಿನ್ನ ತಲೆ ತಿನ್ನುವುದಿಲ್ಲವಲ್ಲ.

• ಜಿಎ ಬಾಟಲಿಯನ್ನು ಆ ಪಡದ ಒಡ್ಡು ದಾಟಿಸಬೇಡ. ತಿನ್ನುವ ದ್ರಾಕ್ಷಿಗೆ ನಾವು ಜಿಬ್ಬರೆಲಿಕ್ ಆಸಿಡ್‌ನಲ್ಲಿ ಗೊಂಚಲು ಅದ್ದಿ ಕಾಳು ಉಬ್ಬಿಸುತ್ತೇವೆ. ಕೆಂಪು ವೈನಿನ ಬಣ್ಣ ಸಿಪ್ಪೆಯಲ್ಲಿರುತ್ತದೆ, ಒಗರು ಸಿಪ್ಪೆ ಮತ್ತು ಬೀಜದಲ್ಲಿರುತ್ತದೆ, ರಸದಲ್ಲಲ್ಲ. ಕಾಳು ಸಣ್ಣದಿದ್ದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ನಿನ್ನ ಕ್ಯಾಬರ್ನೆ ಕಾಳು ಬಾರಿಹಣ್ಣಿನ ಬೀಜದಷ್ಟೇ ಇದೆ ಎಂದು ನಿಮ್ಮಪ್ಪ ನಕ್ಕ. ನಗಲಿ ಬಿಡು.

• ನೀರು. ಇದನ್ನು ಎರಡು ಸಲ ಓದು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ, ಅದೂ ಬಿದ್ದರೆ. ಬರ ಬಿದ್ದಾಗ ಹೊಲ ಅಡವಿಟ್ಟು ಟ್ಯಾಂಕರ್ ನೀರು ಹಾಕಿ ಥಾಮ್ಸನ್ ಉಳಿಸಿದವನು ನಾನು. ಒಂದು ಬೇಸಿಗೆಗೆ ನಾಲ್ಕು ಬೋರು ಹೊಡೆಸಿದೆ, ಮೂರರಲ್ಲಿ ಬಂದದ್ದು ಹುಡಿ. ಇದನ್ನು ಶೌರ್ಯ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದೆ. ಈಗ ನಾಚಿಕೆಯಾಗುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಬಂದು ಈ ಸೀಮೆಗೆ ಉಸಿರು ಬಂತು ನಿಜ, ಆದರೆ ಕೃಷ್ಣೆ ನಮ್ಮೊಬ್ಬರ ಬಳ್ಳಿಗೆ ಹುಟ್ಟಿದವಳಲ್ಲ.

ವೈನ್ ಬಳ್ಳಿಯ ಒಳ್ಳೆಯ ಗುಣವೆಂದರೆ ಅದಕ್ಕೆ ಸ್ವಲ್ಪ ಬಾಯಾರಿಕೆ ಬೇಕು. ಹೂವು ಕಚ್ಚಿ ಕಾಳು ಕಟ್ಟುವವರೆಗೆ ನೀರು ತಪ್ಪಿಸಬೇಡ. ಕಾಳು ಕಟ್ಟಿದ ಮೇಲೆ, ಬಣ್ಣ ತಿರುಗುವ ತನಕ, ಡ್ರಿಪ್ ಹೊತ್ತನ್ನು ಕಡಿಮೆ ಮಾಡುತ್ತ ಬಾ. ತುದಿಯ ಬಳ್ಳಿ ಓಟ ನಿಲ್ಲಿಸಬೇಕು, ಎಲೆ ಮಾತ್ರ ಹಸಿರಾಗಿರಬೇಕು. ಅದು ಗುರುತು. ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆಗೆ ಎದ್ದರೆ ಚಿಂತೆಯಿಲ್ಲ. ನಸುಕಿನಲ್ಲೂ ಜೋತಿದ್ದರೆ ಆ ದಿನವೇ ನೀರು ಬಿಡು, ಹಟ ಮಾಡಬೇಡ. ಬುಡಕ್ಕೆ ಕಬ್ಬಿನ ರವದಿ ನಾಲ್ಕು ಬೆರಳು ದಪ್ಪ ಹಾಸು. ಕೃಷಿ ಹೊಂಡದ ಮೇಲೆ ನೆರಳು ಬಲೆ ಕಟ್ಟು. ವೈಶಾಖದಲ್ಲಿ ಸೂರ್ಯ ಕುಡಿಯುವಷ್ಟು ನೀರನ್ನು ನಮ್ಮ ಬಳ್ಳಿ ಕುಡಿಯುವುದಿಲ್ಲ. ಮೀಟರು ಕೂಡಿಸಿ, ಎಷ್ಟು ಲೀಟರ್ ಬಿಟ್ಟೆ ಎಂದು ದಿನವಹಿಯಲ್ಲಿ ಬರೆ. ಬಾಟಲಿ ಮೇಲೆ 'ಸುಸ್ಥಿರ ಕೃಷಿ' ಎಂದು ಬರೆಯುವ ಆಸೆ ನಿನಗೆ. ಮೊದಲು ಆ ಲೆಕ್ಕ ನಿನ್ನ ಕೈಯಲ್ಲಿರಲಿ.

• ಗೊಂಚಲು ಕತ್ತರಿಸಲು ಅಳಬೇಡ. ಎಕರೆಗೆ ಹತ್ತು ಹನ್ನೆರಡು ಟನ್ ತೆಗೆದ ಕೈ ನನ್ನದು, ಹಸಿ ಗೊಂಚಲನ್ನು ನೆಲಕ್ಕೆ ಬಿಡುವುದನ್ನು ನೋಡಿದರೆ ಇಂದಿಗೂ ಹೊಟ್ಟೆ ಚುರ್ ಎನ್ನುತ್ತದೆ. ಆದರೂ ಹೇಳುತ್ತೇನೆ, ಎಕರೆಗೆ ಮೂರೂವರೆ ನಾಲ್ಕು ಟನ್‌ಗೆ ನಿಲ್ಲಿಸು. ಒಂದು 750 ಮಿ.ಲೀ. ಬಾಟಲಿಗೆ ಹೆಚ್ಚು ಕಡಿಮೆ 1.2 ಕೆ.ಜಿ. ಹಣ್ಣು ಬೇಕು. ಏಳು ಟನ್ ಬಂದರೂ 5,800 ಬಾಟಲಿಯ ಹತ್ತಿರ ಹೋಗುತ್ತದೆ. ಮೊದಲ ವರ್ಷ ಅಷ್ಟನ್ನು ಮಾರಿ ತೋರಿಸು, ಆಮೇಲೆ ಮಾತಾಡೋಣ.

• ಎಲೆ ಕೀಳುವಾಗ ಮೂಡಣ ಮಗ್ಗುಲಿನ ಎಲೆ ಮಾತ್ರ ತೆಗೆ. ಸಾಲು ತೆಂಕಣ-ಬಡಗಣ ಇದೆ. ಪಡುವಣ ಮಗ್ಗುಲನ್ನು ಬೋಳು ಮಾಡಿದರೆ ಇಳಿಹೊತ್ತಿನ ಬಿಸಿಲು ಕಾಳನ್ನು ಮಣೂಕ ಮಾಡಿಬಿಡುತ್ತದೆ. ಮಣೂಕ ಮಾಡಲು ನಮಗೆ ಬೇರೆ ಶೆಡ್ ಇದೆ.

• ರೋಗ ಬರುವ ಮೊದಲು ಗಾಳಿ ಬಿಡು, ಆಮೇಲೆ ಔಷಧಿ. ಬೋರ್ಡೋ ದ್ರಾವಣ ಗೊತ್ತಲ್ಲ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಲೆನಾಡಿನ ಅಡಿಕೆಯವರು ಕೊಳೆರೋಗಕ್ಕೆ ಹೊಡೆಯುವುದೂ ಅದೇ. ಅದು ಹುಟ್ಟಿದ್ದು ನಿನ್ನ ಕ್ಯಾಬರ್ನೆಯ ತವರಿನಲ್ಲಿ. ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಡೌನಿ ಬರುತ್ತಿಲ್ಲ ಎಂದು ಮಿಲಾರ್ಡೆ ಎಂಬ ಪಂಡಿತ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ಕಳ್ಳರಿಂದ ಉಪಕಾರವಾದದ್ದು ಬಹುಶಃ ಅದೊಂದೇ ಸಲ.

ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಅಲ್ಲ. ಹರಿತ ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡು, ಕೆಂಪಗಾದರೆ ಸುಣ್ಣ ಸಾಲದು. ಇಷ್ಟು ಹೇಳಿಯೂ ಇನ್ನೊಂದು ಮಾತು: ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ಕೂಡುತ್ತ ಹೋಗುತ್ತದೆ. ಯುರೋಪಿನಲ್ಲಿ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆ.ಜಿ. ತಾಮ್ರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಸಾವಯವ ಎಂಬ ಹೆಸರಿದ್ದ ಮಾತ್ರಕ್ಕೆ ಎರೆಹುಳಕ್ಕೆ ಅದು ಸಿಹಿಯಾಗುವುದಿಲ್ಲ.

ಗಂಧಕ ಹೊಡೆಯುವುದನ್ನು ಕೊಯ್ಲಿನ ಹಿಂದಿನ ತಿಂಗಳಿನಲ್ಲಿ ಪೂರ್ತಿ ನಿಲ್ಲಿಸು. ಸಿಪ್ಪೆಗೆ ಹತ್ತಿದ ಗಂಧಕ ಹುದುಗುವ ತೊಟ್ಟಿಗೆ ಹೋದರೆ ವೈನ್ ಕೊಳೆತ ಮೊಟ್ಟೆಯಂತೆ ನಾರುತ್ತದೆ.

• ಹಿಟ್ಟು ತಿಗಣೆಗೆ ಇರುವೆಯೇ ಗಾಡಿ. ಇರುವೆ ಏರದಂತೆ ಕಾಂಡಕ್ಕೆ ಅಂಟು ಪಟ್ಟಿ ಕಟ್ಟು, ಸಡಿಲು ತೊಗಟೆ ಸುಲಿ. ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳ ಪ್ರಯೋಗಾಲಯದಲ್ಲಿ ಸಿಗುತ್ತದೆ, ತಂದು ಬಿಡು. ಅದರ ಮರಿ ನೋಡಲು ತಿಗಣೆಯಂತೆಯೇ ಬೆಳ್ಳಗೆ ಇರುತ್ತದೆ. ನಾನು ಮೊದಲ ವರ್ಷ ರೊಕ್ಕ ಕೊಟ್ಟು ತಂದ ಹುಳದ ಮರಿಯನ್ನು ತಿಗಣೆ ಎಂದು ತಿಳಿದು ನಾನೇ ಹೊಸಕಿ ಹಾಕಿದೆ.

• ಚಾಟ್ನಿಯ ಕಡ್ಡಿಗೆ ಬೆಂಕಿ ಹಚ್ಚಬೇಡ. ಪುಡಿ ಮಾಡಿ ಸಾಲಿನಲ್ಲೇ ಹಾಸು. ಸಾಲಿನ ನಡುವೆ ಸೆಣಬು, ಅಲಸಂದಿ, ಹುರುಳಿ ಬಿತ್ತಿ ಹೂವಾಗುವ ಹೊತ್ತಿಗೆ ಮಣ್ಣಿಗೆ ಮುಚ್ಚು. ವೈನರಿಯಿಂದ ಹಿಂಡಿದ ಸಿಪ್ಪೆ, ಬೀಜವನ್ನು ಬಿಟ್ಟು ಬರಬೇಡ. ಹಿಂಡಿದ್ದು ಸೆಗಣಿ ಜೊತೆ ತಿಪ್ಪೆಯಲ್ಲಿ ಕಳಿತು ತಿರುಗಿ ಅದೇ ಬುಡಕ್ಕೆ ಬರಲಿ. ಹಸಿಯಾಗಿ ಹಾಕಿದರೆ ಹುಳಿ ನಾತ, ನೊಣ.

• ಬಾಯಿಮಾತಿನ ಮೇಲೆ ಬಳ್ಳಿ ಹಚ್ಚಬೇಡ. 2007ರಲ್ಲಿ ಸರ್ಕಾರ ವೈನ್ ನೀತಿ ತಂದು, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಹೆಸರಿಟ್ಟು ನಮಗೂ ಆಸೆ ಹುಟ್ಟಿಸಿತು. ಕಾರ್ಖಾನೆಯೊಂದರ ಜನ ಬಂದು "ನೀವು ಬೆಳೀರಿ, ನಾವು ಒಯ್ತೀವಿ" ಅಂದರು. ಒಂದು ಎಕರೆ ಹಚ್ಚಿದೆ. ಮೂರನೆಯ ಸುಗ್ಗಿಗೆ ಅವರ ಫೋನು ಸತ್ತುಹೋಯಿತು. ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ? ಬೀಜ ದಪ್ಪ, ಸಿಪ್ಪೆ ಒಗರು. ಕುರಿ ಬಿಟ್ಟು ಮೇಯಿಸಿ ಬಳ್ಳಿ ಕಿತ್ತೆ. ಆದ್ದರಿಂದ ಬರಹದಲ್ಲಿ ಒಪ್ಪಂದ ಇರಲಿ, ಹಣ್ಣಿನ ದರ ಸಕ್ಕರೆಯ ಅಂಕಿಗೆ ಹೇಗೆ ಏರಿಳಿಯುತ್ತದೆ ಎಂದು ಅದರಲ್ಲೇ ಬರೆದಿರಲಿ. ಉಳಿದ ಆರು ಎಕರೆ ಥಾಮ್ಸನ್ ಮುಟ್ಟಬೇಡ. ಮಣೂಕವನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರಕ್ಕೆ ಕಾಯಬಹುದು, ಹಸಿ ವೈನ್ ದ್ರಾಕ್ಷಿ ನಿನಗಾಗಿ ಒಂದು ದಿನವೂ ಕಾಯುವುದಿಲ್ಲ.

• ಪರವಾನಗಿ ಇಲ್ಲದೆ ಒಂದು ಬಾಟಲಿಯನ್ನೂ ಮಾರಬೇಡ, "ಮನಿ ಮಂದಿಗೆ" ಎಂದು ಕೊಟ್ಟು ರೊಕ್ಕ ತೆಗೆದುಕೊಳ್ಳುವುದೂ ಬೇಡ. ಪರವಾನಗಿ ಇರುವ ವೈನರಿಯಲ್ಲಿ ತೊಟ್ಟಿ ಬಾಡಿಗೆ ಹಿಡಿದಿದ್ದು ಜಾಣತನ. ನಿನ್ನದೇ ಕಟ್ಟಡ ಕಟ್ಟುವ ಮಾತು ಐದು ಸುಗ್ಗಿ ಆದ ಮೇಲೆ.

• ಕೊಯ್ಲಿನ ದಿನ ಗೊತ್ತು ಮಾಡುವಾಗ ಯಂತ್ರವನ್ನೂ ನಂಬು, ಹಲ್ಲನ್ನೂ ನಂಬು. ರಿಫ್ರ್ಯಾಕ್ಟೋಮೀಟರಿನಲ್ಲಿ ಬ್ರಿಕ್ಸ್ 23 ರಿಂದ 24 ಬಂದರೆ ಸಕ್ಕರೆ ಸಾಕು. ಆ ಅಂಕಿಯನ್ನು 0.55ರಿಂದ ಗುಣಿಸಿದರೆ ವೈನಿನಲ್ಲಿ ಎಷ್ಟು ಶೇಕಡಾ ಮದ್ಯ ಬರುತ್ತದೆ ಎಂದು ಅಂದಾಜು ಸಿಗುತ್ತದೆ. 24 ಇದ್ದರೆ ಸುಮಾರು 13. ಆದರೆ ನಮ್ಮ ಬಿಸಿಲಿಗೆ ಸಕ್ಕರೆ ಕುದುರೆಯ ಹಾಗೆ ಓಡುತ್ತದೆ, ಒಗರು ಎತ್ತಿನ ಹಾಗೆ ಹಿಂದೆ ಬರುತ್ತದೆ. ಅದಕ್ಕೆ ಬೀಜ ಅಗಿದು ನೋಡು. ಹಸಿರು ಬೀಜ ನಾಲಿಗೆಯನ್ನು ಎಳೆ ಬಾಳೆಕಾಯಿಯಂತೆ ಹಿಡಿಯುತ್ತದೆ. ಕಂದಾಗಿ, ಹುರಿದ ಕಡಲೆಯಂತೆ ಕಟಂ ಎಂದರೆ ಹಣ್ಣಾಗಿದೆ. ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿದರೆ ಬಣ್ಣ ಹತ್ತಬೇಕು. ಒಂದೇ ಗೊಂಚಲು ನೋಡಿ ತೀರ್ಮಾನಿಸಬೇಡ. ಒಡ್ಡಿನ ಬದಿ, ನಡುಸಾಲು, ಮೇಲಿನ ಕಾಳು, ಕೆಳಗಿನ ಕಾಳು ಎಲ್ಲ ಕಲೆಸಿ ನೂರು ಕಾಳು ಆರಿಸು. ಸಾಲಿನ ತುದಿಯ ಬಳ್ಳಿ ಯಾವಾಗಲೂ ಸುಳ್ಳು ಹೇಳುತ್ತದೆ, ಅದಕ್ಕೆ ಬಿಸಿಲು ಜಾಸ್ತಿ.

ಕೊಯ್ಯುವುದು ನಸುಕಿನಲ್ಲಿ. ಸೂರ್ಯ ಒಂದು ಆಳು ಏರುವುದರೊಳಗೆ ಕ್ರೇಟು ನೆರಳಿಗೆ ಹೋಗಬೇಕು. ಒಂದು ಕ್ರೇಟಿಗೆ 15 ಕೆ.ಜಿ.ಗಿಂತ ಹೆಚ್ಚು ತುಂಬಬೇಡ, ಕೆಳಗಿನ ಹಣ್ಣು ಒಡೆದು ದಾರಿಯಲ್ಲೇ ಹುದುಗಲು ಹತ್ತುತ್ತದೆ.

• ತೊಟ್ಟಿಯ ಹತ್ತಿರ ಒಬ್ಬಳೇ ಹೋಗಬೇಡ. ಎಲ್ಲ ಮರೆತರೂ ಇದೊಂದು ನೆನಪಿರಲಿ. ದ್ರಾಕ್ಷಿ ರಸ ಹುದುಗುವಾಗ ಒಂದು ಲೀಟರಿಗೆ 50 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ತೊಟ್ಟಿಯೊಳಗೆ, ನೆಲದ ಮಟ್ಟದಲ್ಲಿ ಕೂಡುತ್ತದೆ. ನಮ್ಮ ಕಡೆ ನೆಲದೊಳಗಿನ ಹಗೇವಿನಿಂದ ಜೋಳ ತೆಗೆಯುವಾಗ ಬಾಯಿ ತೆರೆದು ಒಂದು ದಿನ ಹಾಗೇ ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಆಳನ್ನು ಇಳಿಸುತ್ತಿದ್ದರು. ಅವಸರ ಮಾಡಿದ ಮನೆಗಳಲ್ಲಿ ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಮೇಲೆ ಬರಲಿಲ್ಲ. ತೊಟ್ಟಿಯೂ ಹಗೇವೇ. ಕಂದೀಲು ನಂದುವ ಮೊದಲೇ ಮನುಷ್ಯ ಮಂಕಾಗುತ್ತಾನೆ, ಅದನ್ನು ನಂಬಿ ಕೂರಬೇಡ. ಗಾಳಿ ಅಳೆಯುವ ಮೀಟರು ಕೊಳ್ಳು, ಫ್ಯಾನು ಹಾಕು, ಹೊರಗೆ ಒಬ್ಬರು ನಿಂತಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕುವುದಲ್ಲ, ಮೊದಲು ಗಾಳಿ, ಆಮೇಲೆ ಹಗ್ಗ.

• ಹುದುಗು ಸರಿಯಾಗಿ ನಡೆಯಲು 25 ರಿಂದ 30 ಡಿಗ್ರಿ ಒಳ್ಳೆಯದು. 35 ದಾಟಿದರೆ ಯೀಸ್ಟ್ ಸುಸ್ತಾಗಿ ಸಕ್ಕರೆ ಉಳಿದುಬಿಡುತ್ತದೆ. ಮೇಲೇರಿ ಟೊಪ್ಪಿಗೆಯಂತೆ ಕೂತ ಸಿಪ್ಪೆಯನ್ನು ದಿನಕ್ಕೆ ಎರಡು ಮೂರು ಸಲ ಒಳಗೆ ಮುಳುಗಿಸು, ಬಣ್ಣ ಬರುವುದೇ ಅದರಿಂದ. ಎಷ್ಟು ದಿನ? ವಾರದಿಂದ ಎರಡು ವಾರ. ಹಿಟ್ಟು ನಾದುವ ಕೈಗೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುತ್ತದಲ್ಲ, ಹಾಗೆ ನಾಲಿಗೆಗೆ ತಿಳಿಯಬೇಕಂತೆ. ಇದು ನಿನ್ನ ಕೆಲಸ, ನನಗೆ ಇಲ್ಲಿ ಮಾತಿಲ್ಲ.

• ಮೊದಲ ಹುದುಗು ಮುಗಿದ ಮೇಲೆ ಇನ್ನೊಂದು ಸಣ್ಣ ಹುದುಗು ನಡೆದು ಸೇಬಿನ ಹುಳಿ ಮೊಸರಿನ ಹುಳಿಯಾಗುತ್ತದೆ ಎಂದು ನೀನು ಹೇಳಿದ್ದು ನಿಮ್ಮಜ್ಜಿಗೆ ಬಹಳ ಹಿಡಿಸಿತು. "ಹೆಪ್ಪು ಹಾಕೂದನ್ನ ಕಲೀಲಿಕ್ಕೆ ಇಷ್ಟು ವರ್ಷ ಓದಬೇಕಾತೇನು" ಎಂದಳು. ಆ ದಿನದಿಂದ ಆಕೆಯ ಸಿಟ್ಟು ಅರ್ಧ ಇಳಿದಿದೆ.

• ಪೀಪಾಯಿಗೆ ಮರುಳಾಗಬೇಡ. 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ ಒಂದಕ್ಕೆ 300 ಬಾಟಲಿ ಆಗುತ್ತದೆ, ಬೆಲೆ ಕೇಳಿದರೆ ಒಂದು ಜೋಡಿ ಎತ್ತು ನೆನಪಾಗುತ್ತವೆ. ಮೊದಲ ಸುಗ್ಗಿಗೆ ಸ್ಟೀಲ್ ತೊಟ್ಟಿಯೇ ಸಾಕು. ಕಟ್ಟಿಗೆ ವಾಸನೆ ಮಾರುವುದಾದರೆ ಬಡಿಗ ಮಾರುತ್ತಾನೆ, ನೀನು ಮಡ್ಡಿಯ ಹಣ್ಣು ಮಾರು.

• ತೊಳೆಯುವ ನೀರಿನ ಲೆಕ್ಕ ಇಡು. ಒಂದು ಲೀಟರ್ ವೈನಿಗೆ ಹಲವು ಲೀಟರ್ ನೀರು ತೊಟ್ಟಿ, ನೆಲ, ಪೈಪು ತೊಳೆಯಲು ಹೋಗುತ್ತದೆ. ಹೊಲದಲ್ಲಿ ಹನಿ ಹನಿ ಉಳಿಸಿ ಇಲ್ಲಿ ಹಳ್ಳ ಹರಿಸಿದರೆ ಏನು ಬಂತು? ಮೊದಲು ಗುಡಿಸು, ಆಮೇಲೆ ತೊಳೆ.

• ಗಂಧಕದ ಉಪ್ಪು (ಕೆಎಂಎಸ್) ಹಾಕಲು ನಾಚಬೇಡ, ಹೆಚ್ಚು ಹಾಕಲೂ ಬೇಡ. ಬಂಗಾರ ಬಣ್ಣ ಬರಲೆಂದು ಮಣೂಕಕ್ಕೆ ನಾವು ಗಂಧಕದ ಹೊಗೆ ಕೊಡುತ್ತೇವೆ, ವೈನ್ ಕೆಡದಿರಲು ಹಾಕುವುದೂ ಅದರ ತಮ್ಮನೇ. ಉಬ್ಬಸ ಇದ್ದವರಿಗೆ ಅದು ಆಗಿಬರದೆ ಇರಬಹುದು, ಲೇಬಲ್ಲಿನ ಮೇಲೆ ಕಾಣುವ ಅಕ್ಷರದಲ್ಲಿ ಇರಲಿ.

• ಲೇಬಲ್ಲಿನ ಮೇಲೆ ಸುಳ್ಳು ಬೇಡ. ಪ್ರಮಾಣಪತ್ರ ಇಲ್ಲದೆ 'ಸಾವಯವ' ಎನ್ನಬೇಡ. ಎಷ್ಟು ಸಲ ಔಷಧಿ ಹೊಡೆದೆ, ಎಷ್ಟು ನೀರು ಬಿಟ್ಟೆ ಎಂದು ದಿನವಹಿ ನೋಡಿ ಹೇಳುವ ಧೈರ್ಯ ಇದ್ದರೆ ಸಾಕು. "ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು" ಎಂದು ಯಾವ ಅಂಗಡಿಯವನು ಬರೆಸಲು ಹೇಳಿದರೂ ಬರೆಸಬೇಡ. ಮದ್ಯ ಯಾವ ಪ್ರಮಾಣದಲ್ಲೂ ಅಪಾಯವಿಲ್ಲದ್ದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಸುರಿಯರು, ಔಷಧಿ ತೆಗೆದುಕೊಳ್ಳುವವರು, ಗಾಡಿ ಓಡಿಸುವವರು ಪಡ ನೋಡಲು ಬಂದರೆ ಅವರಿಗೆ ದ್ರಾಕ್ಷಿ ರಸ ಕೊಡು. ನಾವು ಮಾರುವುದು ರುಚಿ, ಮದ್ದಲ್ಲ.

• ಆಳುಗಳ ಪಗಾರ ಸುಗ್ಗಿ ಮುಗಿದ ದಿನವೇ ಕೊಡು. ಹೆಣ್ಣಾಳಿಗೆ ಒಂದು, ಗಂಡಾಳಿಗೆ ಒಂದು ಎಂಬ ಲೆಕ್ಕ ನನ್ನ ಕಾಲಕ್ಕೆ ಮುಗಿಯಲಿ. ಗೊಂಚಲು ಆರಿಸುವುದರಲ್ಲಿ ಹೆಣ್ಣಾಳುಗಳ ಕೈಯೇ ಚುರುಕು, ನಾನೇ ಇಷ್ಟು ವರ್ಷ ಕಡಿಮೆ ಕೊಟ್ಟೆ. ಕುಡಿಯುವ ನೀರು, ನೆರಳು, ಪಾಯಖಾನೆ ಇಲ್ಲದ ಪಡಕ್ಕೆ ಸುಸ್ಥಿರ ಎಂಬ ಹೆಸರು ಒಪ್ಪುವುದಿಲ್ಲ.

• ಬಂದವರಿಗೆ ಕೊಡುವ ಮೊದಲು ಬಾಟಲಿಯನ್ನು ಫ್ರಿಜ್ಜಿನಲ್ಲಿಡು. ಕೆಂಪು ವೈನನ್ನು ಕೋಣೆಯ ಬಿಸಿಗೆ ಕುಡಿಯಬೇಕು ಎಂದು ಪುಸ್ತಕದಲ್ಲಿ ಇದೆಯಂತೆ, ಆ ಕೋಣೆ ಫ್ರಾನ್ಸಿನದು. 16 ರಿಂದ 18 ಡಿಗ್ರಿ. ನಮ್ಮ ಪಡಸಾಲೆ ಮಾರ್ಚಿನಲ್ಲಿ ಅದರ ಎರಡು ಪಟ್ಟು. ಲೋಟದ ಮೂರರಲ್ಲಿ ಒಂದು ಪಾಲು ಮಾತ್ರ ಹೊಯ್ಯಿ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಅದರಾಚೆ ಅಡುಗೆಗೆ. ಊಟಕ್ಕೆ ಸಜ್ಜಿ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಹಿಂಡಿ ಇಡು. ಶೇಂಗಾದ ಎಣ್ಣೆ ಒಗರನ್ನು ಮೆತ್ತಗೆ ಮಾಡುತ್ತದೆ. ಕೆಂಪು ಖಾರದ ಮೇಲೆ ಮಾತ್ರ ಬೇಡ, ಮದ್ಯ ಖಾರದ ಉರಿಯನ್ನು ಏರಿಸುತ್ತದೆ. ಹೋದ ವರ್ಷ ಬೆಂಗಳೂರಿನಿಂದ ಬಂದಿದ್ದ ನಿನ್ನ ಗೆಳತಿ ಕಣ್ಣೀರು ಹಾಕಿದ್ದು ಅಂಗಡಿಯ ವೈನ್ ಕೆಟ್ಟದ್ದಾಗಿ ಅಲ್ಲ.

• ನನ್ನ ರುಚಿಯನ್ನು ಕೇಳಬೇಡ. ನೀನು ಒತ್ತಾಯ ಮಾಡಿದರೆ ಒಂದು ಗುಟುಕು ಬಾಯಿಗೆ ಹಾಕಿ ಉಗುಳುತ್ತೇನೆ. ದೊಡ್ಡ ದೊಡ್ಡ ಪರೀಕ್ಷಕರೂ ಉಗುಳುತ್ತಾರಂತಲ್ಲ, ಅಷ್ಟರ ಮಟ್ಟಿಗೆ ನಾನೂ ಪರೀಕ್ಷಕ.

ಫೆಬ್ರವರಿ ಎರಡನೆಯ ವಾರ ಶಿರಾಜಿನ ಬ್ರಿಕ್ಸ್ 23 ದಾಟಬಹುದು ಎಂದು ನನ್ನ ಅಂದಾಜು. ದಾಟಿದ ದಿನ ನನ್ನನ್ನು ನಸುಕಿನ 4 ಗಂಟೆಗೆ ಎಬ್ಬಿಸು. ಮೊಣಕಾಲು ಬಗ್ಗುವುದಿಲ್ಲ, ಕತ್ತರಿ ಹಿಡಿಯಲಾರೆ. ಬ್ಯಾಟರಿ ಹಿಡಿದು ಸಾಲಿನ ಮುಂದೆ ನಿಲ್ಲುತ್ತೇನೆ.